ಪದಚರ್ಚೆ: ಅಭಿಮಾನಿಗಳು ಕಟ್ಟಿದ ಗೇಮ್ ‘ವೃತ್ತಿಪರ ಮಟ್ಟ’ದಲ್ಲಿದೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಒಂದು ಸಣ್ಣ ಪತ್ರಿಕೆಗೆ ‘ಬ್ಲ್ಯಾಕ್ ಮೀಸಾ’ ಅನ್ನುವ ವಿಡಿಯೋ ಗೇಮ್ ಬಗ್ಗೆ ಲೇಖನ ಬರೆದಿದ್ದೇನೆ. ಕೊಡುವ ಮೊದಲು ಒಂದು ವಾಕ್ಯದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕು. ‘ಇದು ಅಭಿಮಾನಿಗಳು ಮಾಡಿದ ರೀಮೇಕ್, ಆದರೂ ವೃತ್ತಿಪರ ಮಟ್ಟದಲ್ಲಿದೆ.’ ಇದರಲ್ಲಿ ಅಭಿಮಾನಿ, ರೀಮೇಕ್, ವೃತ್ತಿಪರ, ಮಟ್ಟ ನಾಲ್ಕೂ ತೊಡಕು ಕೊಡುತ್ತಿವೆ. ಆ ‘ಆದರೂ’ ಎಲ್ಲಕ್ಕಿಂತ ಜಾಸ್ತಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ‘ಹಾಫ್-ಲೈಫ್’ ಅನ್ನುವ ಗೇಮ್ ವಾಲ್ವ್ ಕಂಪನಿಯಿಂದ 1998ರಲ್ಲಿ ಬಂತು. 2004ರಲ್ಲಿ ಅದೇ ಕಂಪನಿ ಅದನ್ನು ತನ್ನ ಹೊಸ ಎಂಜಿನ್‌ಗೆ (ಗೇಮ್ ಓಡಿಸುವ ತಂತ್ರಾಂಶಕ್ಕೆ) ತಂದು ‘ಹಾಫ್-ಲೈಫ್: ಸೋರ್ಸ್’ ಅಂತ ಮಾರಿತು. ನೀರು ಸ್ವಲ್ಪ ಚೆನ್ನಾಗಿ ಕಾಣುತ್ತಿತ್ತು, ವಸ್ತುಗಳು ಬೀಳುವ ರೀತಿ ಬದಲಾಗಿತ್ತು. ಉಳಿದಂತೆ ಹೆಚ್ಚುಕಡಿಮೆ ಅದೇ ಹಳೆಯ ಗೋಡೆ, ಅದೇ ಹಳೆಯ ಮುಖ. ಇದರಿಂದ ಬೇಸರವಾದ ಕೆಲವರು, ಬೇರೆ ಬೇರೆ ದೇಶಗಳಲ್ಲಿ ಕೂತು, ಯಾರ ಸಂಬಳವೂ ಇಲ್ಲದೆ, ಇಡೀ ಗೇಮ್ ಅನ್ನು ಮೊದಲಿಂದ ಕಟ್ಟಲು ಹೊರಟರು. ಅದೇ ಬ್ಲ್ಯಾಕ್ ಮೀಸಾ. 2012ರ ಸೆಪ್ಟೆಂಬರ್‌ನಲ್ಲಿ ಉಚಿತವಾಗಿ ಬಿಟ್ಟರು. ಆಗ ಕೊನೆಯ ಭಾಗ, ಅಂದರೆ ಝೆನ್ ಅನ್ನುವ ಬೇರೆ ಲೋಕದಲ್ಲಿ ನಡೆಯುವ ಅಧ್ಯಾಯಗಳು, ಇರಲಿಲ್ಲ. 2015ರಲ್ಲಿ ವಾಲ್ವ್‌ನ ಒಪ್ಪಿಗೆಯಿಂದಲೇ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡಿಗೆ ಇಟ್ಟರು. ಝೆನ್ ಸಮೇತ ಪೂರ್ತಿಯಾಗಿದ್ದು 2020ರ ಮಾರ್ಚ್‌ನಲ್ಲಿ.

‘ಗೇಮ್’ ಅನ್ನುವ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ, ಕಾರಣ ಹೇಳಿಬಿಡುತ್ತೇನೆ. ಘಟ್ಟದ ಮೇಲೆ ಸಿದ್ದಾಪುರದಲ್ಲಾಗಲಿ ಕೆಳಗೆ ಹೊನ್ನಾವರ, ಕುಮಟಾದಲ್ಲಾಗಲಿ ‘ಇವತ್ತು ರಾತ್ರಿ ಆಟ ಇದೆ’ ಅಂದರೆ ಅದು ಯಕ್ಷಗಾನ. ‘ಅಭಿಮಾನಿಗಳು ಕಟ್ಟಿದ ಆಟ’ ಅಂತ ಬರೆದರೆ ಯಾವ ಮೇಳ, ಯಾವ ಪ್ರಸಂಗ ಅಂತ ಕೇಳುತ್ತಾರೆ. ಬೆಂಗಳೂರಿನ ಓದುಗರಿಗೆ ‘ಆಟ’ ನಡೆಯಬಹುದು, ನಮ್ಮ ಓದುಗರಿಗೆ ನಡೆಯುವುದಿಲ್ಲ.

ಇನ್ನು ರೀಮೇಕ್. ನಮ್ಮಲ್ಲಿ ರೀಮೇಕ್ ಅಂದಕೂಡಲೇ ನೆನಪಾಗುವುದು ಬೇರೆ ಭಾಷೆಯ ಸಿನಿಮಾವನ್ನು ಕನ್ನಡಕ್ಕೆ ತರುವ ಕೆಲಸ. ಪದದಲ್ಲೇ ಒಂದು ತಾತ್ಸಾರ ಸೇರಿಕೊಂಡಿದೆ. ಅದಕ್ಕೇ ಅಲ್ವಾ ಗಾಂಧಿನಗರದಲ್ಲಿ ‘ಸ್ವಮೇಕ್’ ಅನ್ನುವ ಎದುರು ಪದ ಹುಟ್ಟಿದ್ದು. ಗೇಮ್ ಆಡುವವರ ನಡುವೆ ರೀಮೇಕ್‌ಗೆ ಆ ತಾತ್ಸಾರ ಇಲ್ಲ, ಬದಲಿಗೆ ಎದುರು ನೋಡುತ್ತಾರೆ. ಜೊತೆಗೆ ರೀಮಾಸ್ಟರ್ ಅಂತ ಇನ್ನೊಂದಿದೆ. ಎರಡಕ್ಕೂ ಇರುವ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ ‘ಶ್ಯಾಡೋ ಆಫ್ ದಿ ಕೊಲೋಸಸ್’. ಮೂಲ ಬಂದಿದ್ದು 2005ರಲ್ಲಿ. ಬ್ಲೂಪಾಯಿಂಟ್ ಅನ್ನುವ ಕಂಪನಿ 2011ರಲ್ಲಿ ಅದರ ರೀಮಾಸ್ಟರ್ ಮಾಡಿತು, ಅಂದರೆ ಹಳೆಯ ಸಾಮಗ್ರಿಯನ್ನೇ ತೊಳೆದು ಹೊಸ ಪರದೆಗೆ ಸರಿಹೊಂದಿಸಿತು. ಅದೇ ಕಂಪನಿ 2018ರಲ್ಲಿ ರೀಮೇಕ್ ಮಾಡಿತು. ಆಗ ಕಲ್ಲು, ಹುಲ್ಲು, ಆ ದೈತ್ಯರ ಮೈಮೇಲಿನ ರೋಮ ಎಲ್ಲವನ್ನೂ ಹೊಸದಾಗಿ ಮಾಡಿದರು.

ಮೊದಲನೆಯದಕ್ಕೆ, ಅಂದರೆ ರೀಮಾಸ್ಟರ್‌ಗೆ, ‘ಪರಿಷ್ಕೃತ’ ಅಂದರೆ ಸಾಕು, ಪುಸ್ತಕದ ಪರಿಷ್ಕೃತ ಮುದ್ರಣ ಎಲ್ಲರಿಗೂ ಗೊತ್ತು. ಎರಡನೆಯದಕ್ಕೆ ‘ಮರುಸೃಷ್ಟಿ’ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಅಳತೆ ಮೀರಿದ ಪದ ಅನ್ನಿಸುತ್ತದೆ. 2020ರ ‘ಫೈನಲ್ ಫ್ಯಾಂಟಸಿ ಸೆವೆನ್ ರೀಮೇಕ್’ ತರಹ ಕಥೆಯನ್ನೇ ಬದಲಿಸಿದ ಗೇಮ್‌ಗೆ ಮರುಸೃಷ್ಟಿ ಸರಿ. ಕಥೆ, ಜಾಗ, ಸಂಭಾಷಣೆಯ ಬೆನ್ನೆಲುಬು ಉಳಿಸಿಕೊಂಡು ಮತ್ತೆ ಕಟ್ಟಿದ್ದಕ್ಕೆ ಅಷ್ಟು ದೊಡ್ಡ ಮಾತು ಬೇಡ. ‘ಮರುನಿರ್ಮಾಣ’ ರಸ್ತೆ, ಸೇತುವೆಗಳ ಜೊತೆ ಓಡಾಡಿ ಓಡಾಡಿ ಒಣಗಿದೆ. ನನ್ನ ಒಲವು ‘ಮರುಕಟ್ಟು’ ಕಡೆಗೆ. ಪದ ಕಟ್ಟುತ್ತೇವೆ, ಮೇಳ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಹಾಗಾಗಿ ಗೇಮ್ ಕಟ್ಟುವುದೂ ಕಿವಿಗೆ ಹೊಂದುತ್ತದೆ. ‘ಮರುಕಟ್ಟಿದರು’ ಅಂತ ಕ್ರಿಯಾಪದವಾಗಿ ಚೆನ್ನಾಗಿಯೇ ಇದೆ. ನಾಮಪದ ಮಾಡಲು ಹೋದರೆ ‘ಮರುಕಟ್ಟುವಿಕೆ’ ಆಗಿ ಉದ್ದವಾಗುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಈಗ ಅಭಿಮಾನಿ. ಕನ್ನಡದಲ್ಲಿ ಈ ಪದಕ್ಕೆ ದೊಡ್ಡ ಗೌರವ ಇದೆ, ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಅಂತಲೇ ಕರೆದರು. ಆದರೆ ನಮ್ಮ ಬಳಕೆಯಲ್ಲಿ ಅಭಿಮಾನಿ ಅಂದರೆ ನೋಡುವವನು, ಚಪ್ಪಾಳೆ ಹೊಡೆಯುವವನು, ಕಟೌಟ್‌ಗೆ ಹಾರ ಹಾಕುವವನು. ಏನನ್ನಾದರೂ ಮಾಡುವವನು ಅನ್ನುವ ಅರ್ಥ ಬರುವುದಿಲ್ಲ. ‘ಅಭಿಮಾನಿಗಳ ಗೇಮ್’ ಅಂತ ಬರೆದರೆ ಅಭಿಮಾನಿಗಳಿಗಾಗಿ ಮಾಡಿದ್ದಾ, ಅವರೇ ಮಾಡಿದ್ದಾ ತಿಳಿಯುವುದಿಲ್ಲ.

‘ಹವ್ಯಾಸಿ’ ಅಂದರೆ ಈ ತೊಂದರೆ ಇಲ್ಲ. ಹವ್ಯಾಸಿ ಅಂದರೆ ಮಾಡುವವನೇ. ಇದು ಎಲ್ಲಿಂದ ಬಂತು ಅಂತ ನೋಡಿದರೂ ಸ್ವಾರಸ್ಯ ಇದೆ. ಮರಾಠಿಯಲ್ಲಿ ‘ಹವ್ಯಾಸ್’ ಅಂದರೆ ಬಿಡಲಾಗದ ಆಸೆ, ಕೆಲವೊಮ್ಮೆ ದುರಾಸೆ ಅನ್ನುವಷ್ಟು. ನಾವು ಹವ್ಯಾಸಿ ರಂಗಭೂಮಿ ಅನ್ನುವುದಕ್ಕೆ ಅವರು ‘ಹೌಶಿ’ ರಂಗಭೂಮಿ ಅನ್ನುತ್ತಾರೆ. ಕಾರವಾರದ ಕಡೆಯವರಿಗೆ ಎರಡೂ ಪರಿಚಯ ಇರುತ್ತದೆ. ನನಗೆ ಆ ಬಿಡಲಾಗದ ಆಸೆಯ ಅರ್ಥವೇ ಇಲ್ಲಿ ಬೇಕಾಗಿದೆ. ಉಚಿತ ಬಿಡುಗಡೆಯಿಂದ ಪೂರ್ತಿಯಾಗುವವರೆಗೇ ಏಳೂವರೆ ವರ್ಷ, ಅದಕ್ಕೂ ಮೊದಲಿನ ಕೆಲಸದ ವರ್ಷಗಳು ಬೇರೆ. ಇದನ್ನು ಅಂಚೆಚೀಟಿ ಕೂಡಿಡುವ ಹವ್ಯಾಸದ ಸಾಲಿಗೆ ಸೇರಿಸಲು ಮನಸ್ಸಾಗುವುದಿಲ್ಲ.

ನಿಜವಾದ ತಕರಾರು ಇರುವುದು ‘ವೃತ್ತಿಪರ ಮಟ್ಟ’ದಲ್ಲಿ. ಲೇಖನದಲ್ಲಿ ನಾನು ಎರಡು ಮೂರು ಕೊರತೆ ತೋರಿಸಿದ್ದೆ. ಎದುರಾಳಿ ಸೈನಿಕರ ಗುರಿ ವಿಪರೀತ ನಿಖರ, ಮರೆಯಿಂದ ತಲೆ ಹೊರಗೆ ಹಾಕಿದ ತಕ್ಷಣ ಗುಂಡು ಬೀಳುತ್ತದೆ, ಯೋಚಿಸಲು ಪುರುಸೊತ್ತು ಸಿಗುವುದಿಲ್ಲ. ಝೆನ್‌ನ ಕೊನೆಕೊನೆಯ ಭಾಗ ಎಳೆದ ಹಾಗಿದೆ. ಮೂಲದಲ್ಲಿ ಹಳಿಯ ಮೇಲೆ ಸಾಗುವ ಒಂದು ಉದ್ದನೆಯ ಅಧ್ಯಾಯ ಇದೆ, ಅದನ್ನು ಇವರು ಕತ್ತರಿಸಿದ್ದು ಕೆಲವರಿಗೆ ಹಿಡಿಸಲಿಲ್ಲ, ಎಷ್ಟರಮಟ್ಟಿಗೆ ಅಂದರೆ ಇನ್ನೊಬ್ಬ ಅಭಿಮಾನಿ ಆ ಭಾಗವನ್ನು ಮತ್ತೆ ಕಟ್ಟಿ ಬೇರೆಯಾಗಿ ಬಿಟ್ಟ. ಇದನ್ನೆಲ್ಲ ಓದಿದ ನಮ್ಮ ಭಾವ, ‘ದುಡ್ಡಿಲ್ಲದೆ ಪ್ರೀತಿಯಿಂದ ಮಾಡಿದ್ದಕ್ಕೆ ಎಂತಕ್ಕೆ ತಪ್ಪು ಹುಡುಕುತ್ತೀಯೋ ಮಾರಾಯ, ಅವರೇನು ಕಂಪನಿಯವರಾ?’ ಅಂದರು. ಇದು ಭಾವನ ಒಬ್ಬರ ಮಾತಲ್ಲ. ಇಂಥ ಗೇಮ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಕಡೆಯವರು ‘ಸುಮ್ನೆ ಮೆಚ್ಚಿಕೊಳ್ಳಿ’ ಅನ್ನುತ್ತಾರೆ, ಇನ್ನೊಂದು ಕಡೆಯವರು ‘ಹುಡುಗರ ಕೆಲಸ, ಕಂಪನಿಯ ಮುಂದೆ ಯಾವ ಲೆಕ್ಕ’ ಅನ್ನುತ್ತಾರೆ. ಇಬ್ಬರೂ ಗೇಮ್ ಅನ್ನು ನೋಡುತ್ತಿಲ್ಲ, ಮಾಡಿದವರ ಜೇಬು ನೋಡುತ್ತಿದ್ದಾರೆ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪ್ರಶ್ನೆಯೇ ಅಲ್ಲ. ಶಿಕ್ಷಕರು, ಕೃಷಿಕರು, ಬ್ಯಾಂಕಿನವರು ಸೇರಿದ ಹವ್ಯಾಸಿ ತಂಡ ಆಟ ಮಾಡುತ್ತದೆ. ವರ್ಷದ ಆರು ತಿಂಗಳು ತಿರುಗಾಟ ಮಾಡುವ ವೃತ್ತಿ ಮೇಳವೂ ಅದೇ ಪ್ರಸಂಗ ಮಾಡುತ್ತದೆ. ವೇಷಭೂಷಣ ಬಾಡಿಗೆಯದ್ದು, ದೀಪ ಕಡಿಮೆ, ರಂಗ ಚಿಕ್ಕದು ಅಂತ ಹವ್ಯಾಸಿಗಳನ್ನು ಯಾರೂ ಬೈಯುವುದಿಲ್ಲ. ಆದರೆ ತಾಳ ತಪ್ಪಿದರೆ ತಪ್ಪಿದ ಹಾಗೇ. ಚಂಡೆಗೆ ಹೆಜ್ಜೆ ಕೂಡದಿದ್ದರೆ ಎದುರು ಕೂತ ಅಜ್ಜ ‘ಪಾಪ, ಮಾಸ್ತರರು’ ಅಂತ ಬಿಡುವುದಿಲ್ಲ. ತಾಳಮದ್ದಳೆಯಲ್ಲಂತೂ ಅರ್ಥ ಹೇಳುವವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ಮಾತು ಹೇಗಿದೆ ಅನ್ನುವುದಷ್ಟೇ. ದುಡ್ಡು ಕೊಂಡುತರುವುದು ಯಾವುದು, ಕೈ ಪಳಗಿ ಬರುವುದು ಯಾವುದು ಅಂತ ನಮ್ಮ ಪ್ರೇಕ್ಷಕರು ತಾವಾಗಿಯೇ ಬೇರೆ ಮಾಡಿ ನೋಡುತ್ತಾರೆ. ಗೇಮ್‌ಗೂ ನಾನು ಕೇಳುತ್ತಿರುವುದು ಇಷ್ಟೇ. ಪಾತ್ರಗಳ ದನಿಗೆ ಎಷ್ಟು ನಟರು, ಎಷ್ಟು ಭಾಷೆ, ಎಷ್ಟು ಬೇಗ ಮುಗಿಸಿದರು, ಇವು ದುಡ್ಡಿನ ವಿಷಯ. ಗುಂಡಿ ಒತ್ತಿದಾಗ ಪಾತ್ರ ಹೇಗೆ ಚಲಿಸುತ್ತದೆ, ದಾರಿ ತಪ್ಪದ ಹಾಗೆ ಜಾಗವನ್ನು ಹೇಗೆ ಜೋಡಿಸಿದ್ದಾರೆ, ಸದ್ದು ಎಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು, ಇವು ಕೈಯ ವಿಷಯ. ಅಲ್ಲಿ ರಿಯಾಯಿತಿ ಕೊಟ್ಟರೆ ಅದು ಮಾಡಿದವರಿಗೆ ಅವಮಾನ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ‘ವೃತ್ತಿ ರಂಗಭೂಮಿ’ ಅಂದರೆ ಕಂಪನಿ ನಾಟಕ. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಗೆ ಡೇರೆ ಹಾಕುವವರು ಅವರೇ. ಅಲ್ಲಿ ವೃತ್ತಿ ಅಂದರೆ ಜೀವನೋಪಾಯ, ಅಷ್ಟೇ. ಗುಣದ ಮಾತು ಅದರಲ್ಲಿಲ್ಲ. ಇನ್ನೂ ಹೇಳಬೇಕೆಂದರೆ ನಾಟಕದ ವಿಮರ್ಶೆಯಲ್ಲಿ ಹೊಸ ಪ್ರಯೋಗ, ಗಂಭೀರ ನಾಟಕ ಅಂದಾಗ ಹವ್ಯಾಸಿಗಳ ಹೆಸರೇ ಮೊದಲು ಬರುತ್ತಿತ್ತು. ‘ವೃತ್ತಿಪರ’ ಅಂದರೆ ಅಚ್ಚುಕಟ್ಟು, ಅಂದರೆ ಮೇಲಿನ ದರ್ಜೆ ಅನ್ನುವ ಅರ್ಥ ಈಚೆಗೆ ಆಫೀಸುಗಳ ಕಡೆಯಿಂದ ಬಂದು ಕೂತಿದೆ. ಈಗ ಒಂದೇ ಪದ ಸಂಬಳಕ್ಕೆ ಮಾಡುವವನನ್ನೂ ಚೆನ್ನಾಗಿ ಮಾಡುವವನನ್ನೂ ಹೇಳುತ್ತಿದೆ. ‘ಆದರೂ’ ನುಸುಳುವುದು ಈ ಸಂದಿಯಲ್ಲೇ.

ಎರಡೂ ಒಂದೇ ಅಲ್ಲ ಅನ್ನುವುದಕ್ಕೆ ಗೇಮ್ ಲೋಕದಲ್ಲೇ ಬೇಕಾದಷ್ಟು ಪುರಾವೆ ಇದೆ. 2021ರ ನವೆಂಬರ್‌ನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಮೂರು ಹಳೆಯ ಗೇಮ್‌ಗಳನ್ನು ಸೇರಿಸಿ ಹೊಸ ರೂಪದಲ್ಲಿ ಬಿಟ್ಟರು. ದೊಡ್ಡ ಕಂಪನಿ, ಪೂರ್ತಿ ಬೆಲೆ. ಮಳೆ ಬಂದರೆ ಮುಂದಿನ ದಾರಿ ಕಾಣುತ್ತಿರಲಿಲ್ಲ, ಅಂಗಡಿಗಳ ಬೋರ್ಡಿನಲ್ಲಿ ಅಕ್ಷರ ತಪ್ಪಾಗಿದ್ದವು. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಇದು ವೃತ್ತಿಪರರ ಕೆಲಸವೇ, ಆದರೆ ‘ವೃತ್ತಿಪರ ಮಟ್ಟ’ ಅನ್ನಲು ಬರುತ್ತದಾ?

ಇನ್ನೊಂದು ಕಡೆ ‘ಎಎಂ2ಆರ್’ ಅನ್ನುವ ಹವ್ಯಾಸಿ ಗೇಮ್ ಇದೆ. 1991ರಲ್ಲಿ ನಿಂಟೆಂಡೊ ಕಂಪನಿ ತನ್ನ ಗೇಮ್‌ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ತಂದ ‘ಮೆಟ್ರಾಯ್ಡ್ 2’ ಗೇಮ್ ಅನ್ನು ಅರ್ಜೆಂಟೀನಾದ ಮಿಲ್ಟನ್ ಗುಆಸ್ಟಿ ಅನ್ನುವವರು ವರ್ಷಗಟ್ಟಲೆ ಕೂತು ಮರುಕಟ್ಟಿ 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಬಿಟ್ಟರು. ಕೆಲವೇ ದಿನಗಳಲ್ಲಿ ನಿಂಟೆಂಡೊ ಕಾನೂನಿನ ನೋಟಿಸ್ ಕೊಟ್ಟು ಡೌನ್‌ಲೋಡ್ ಕೊಂಡಿಗಳನ್ನು ತೆಗೆಸಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಮೂಲದ ಮೇಲೆ ತನ್ನದೇ ಗೇಮ್ ತಂದಿತು. ಹಾಗಾಗಿ ಒಂದೇ ಮೂಲಕ್ಕೆ ಎರಡು ಮರುಕಟ್ಟು, ಒಂದು ಹವ್ಯಾಸಿ, ಒಂದು ಕಂಪನಿಯದ್ದು. ನನಗೆ ಹವ್ಯಾಸಿಯದ್ದೇ ಓಟದಲ್ಲಿ ಹಗುರ, ಜಿಗಿತದಲ್ಲಿ ಹಿಡಿತ ಜಾಸ್ತಿ ಅನ್ನಿಸುತ್ತದೆ. ಮುಂದೆ ಗುಆಸ್ಟಿಯವರು ‘ಓರಿ ಆ್ಯಂಡ್ ದಿ ವಿಲ್ ಆಫ್ ದಿ ವಿಸ್ಪ್ಸ್’ ಗೇಮ್ ಮಾಡಿದ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದರು. ಅವತ್ತಿನಿಂದ ಅವರು ವೃತ್ತಿಪರರು. ಹಿಂದಿನ ದಿನ ಅವರ ಕೈಯಲ್ಲಿ ಇಲ್ಲದ ಗುಣ ಯಾವುದು ಆ ದಿನ ಬಂತು?

ಇಲ್ಲೇ ‘ಅನಧಿಕೃತ’ ಪದದ ಬಗ್ಗೆಯೂ ಒಂದು ಮಾತು. ಎಎಂ2ಆರ್‌ಗೆ ಹಾಗೆ ಬರೆದರೆ ಅರ್ಥ ತಪ್ಪಲ್ಲ. ಆದರೆ ಅನಧಿಕೃತ ಕಟ್ಟಡ, ಅನಧಿಕೃತ ಮರಳು ಸಾಗಣೆ ಓದಿ ಓದಿ ಆ ಪದಕ್ಕೆ ಕಳ್ಳತನದ ವಾಸನೆ ಹತ್ತಿದೆ. ‘ಒಪ್ಪಿಗೆ ಇಲ್ಲದೆ ಕಟ್ಟಿದ’ ಅಂತ ಬಿಡಿಸಿ ಬರೆಯುವುದೇ ಒಳ್ಳೆಯದು. ಬ್ಲ್ಯಾಕ್ ಮೀಸಾಗೆ ‘ಒಪ್ಪಿಗೆ ಪಡೆದ’ ಅಂತಲೂ ಬರೆಯಬಹುದು. ಒಪ್ಪಿಗೆ ಸಿಕ್ಕಿತೋ ಇಲ್ಲವೋ ಅನ್ನುವುದು ಗೇಮ್ ಹೇಗಿದೆ ಅನ್ನುವುದನ್ನು ಹೇಳುವುದಿಲ್ಲ.

‘ಮಟ್ಟ’ದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇಲೆ ಕೆಳಗೆ ಅಂತ ಒಂದೇ ಏಣಿ ಕಾಣಿಸುತ್ತದೆ ಅನ್ನುವುದಷ್ಟೇ ನನ್ನ ತೊಂದರೆ. ಯಕ್ಷಗಾನದವರು ಹಾರಾಡಿ ಮಟ್ಟು, ಮಟಪಾಡಿ ಮಟ್ಟು ಅನ್ನುವಾಗ ಆ ಏಣಿ ಇಲ್ಲ, ಒಂದೊಂದಕ್ಕೂ ಅದರದ್ದೇ ರೀತಿ. ಆದರೆ ಗೇಮ್ ಲೇಖನದಲ್ಲಿ ‘ಮಟ್ಟು’ ಅಂದರೆ ಯಾರಿಗೂ ತಿಳಿಯುವುದಿಲ್ಲ, ಅದನ್ನು ಎಳೆದು ತರುವುದು ಬೇಡ.

‘ವೃತ್ತಿಪರ ಮಟ್ಟ’ದ ಜಾಗಕ್ಕೆ ನಾನು ಹಾಕಬೇಕೆಂದಿರುವುದು ‘ಕಸುಬುಗಾರಿಕೆ’. ಸಾಹಿತ್ಯ ವಿಮರ್ಶೆಯಲ್ಲಿ ಈ ಪದ ಬಳಕೆಯಲ್ಲಿದೆ, ಕಥೆಯ ಕಸುಬುಗಾರಿಕೆ, ಕವಿತೆಯ ಕಸುಬುಗಾರಿಕೆ ಅನ್ನುತ್ತಾರೆ. ಯಾರು ದುಡ್ಡು ಕೊಟ್ಟರು ಅನ್ನುವ ಪ್ರಶ್ನೆ ಅದರಲ್ಲಿ ಏಳುವುದೇ ಇಲ್ಲ. ‘ಕಸುಬುಗಾರಿಕೆಯಲ್ಲಿ ದೊಡ್ಡ ಕಂಪನಿಗಳ ಕೆಲಸದ ಪಕ್ಕ ಇಟ್ಟು ನೋಡಬಹುದು, ಸೈನಿಕರ ವಿಷಯದಲ್ಲಿ ಮಾತ್ರ ಸೋತಿದೆ’ ಅಂತ ಬರೆದರೆ ‘ಆದರೂ’ ಬೇಕಾಗುವುದಿಲ್ಲ. ಗೇಮ್ ವಿಮರ್ಶೆಯಲ್ಲಿ ಪದೇ ಪದೇ ಬರುವ ‘ಪಾಲಿಶ್’ಗೆ ‘ಒಪ್ಪ’ ಹಾಕಿದ್ದೇನೆ. ‘ಝೆನ್‌ಗೆ ಇನ್ನೂ ಸ್ವಲ್ಪ ಒಪ್ಪ ಬೇಕಿತ್ತು’ ಅಂದರೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಈ ‘ಕಸುಬು’ ಪದದಲ್ಲೇ ಒಂದು ಅನುಮಾನ ಉಳಿದಿದೆ. ಅರಬ್ಬಿಯ ‘ಕಸ್ಬ್’, ಅಂದರೆ ಗಳಿಕೆ, ಇದರ ಮೂಲ. ಹಾಗೆ ನೋಡಿದರೆ ಇದೂ ಸಂಪಾದನೆಯ ಪದವೇ, ಆದರೆ ಕನ್ನಡದಲ್ಲಿ ‘ಗಾರಿಕೆ’ ಸೇರಿದ ಮೇಲೆ ಗಳಿಕೆಯ ಅರ್ಥ ಹಿಂದೆ ಸರಿದು ಕೈಗುಣದ ಅರ್ಥ ಮುಂದೆ ಬಂದಿದೆ ಅಂತ ನನ್ನ ತಿಳಿವಳಿಕೆ. ಇದು ಸರಿಯಾ? ಇನ್ನೊಂದು, ಮರಾಠಿಯಲ್ಲಿ ‘ಕಸಬೀಣ’ ಅನ್ನುವುದಕ್ಕೆ ಕೆಟ್ಟ ಅರ್ಥ ಇದೆ. ಕಾರವಾರ, ಜೋಯಿಡಾ, ಹಳಿಯಾಳದ ಕಡೆ ಮರಾಠಿ, ಕೊಂಕಣಿ ಒಡನಾಟ ಜಾಸ್ತಿ ಇರುವ ಓದುಗರಿಗೆ ‘ಕಸುಬುಗಾರಿಕೆ’ ಕೇಳಿದಾಗ ಆ ನೆರಳು ಬೀಳುತ್ತದಾ? ನಮ್ಮ ಪತ್ರಿಕೆ ಅಲ್ಲಿಗೂ ಹೋಗುತ್ತದೆ. ಅಲ್ಲಿಯವರು ಯಾರಾದರೂ ಇದ್ದರೆ ಹೇಳಿ. ಬೀಳುತ್ತದೆ ಅಂತಾದರೆ ‘ನುರಿತ ಕೈಯ ಕೆಲಸ’ ಅಂತ ಬದಲಿಸುತ್ತೇನೆ.