60 ಬೋರ್ಡ್ ಬೇಡ, 25 ಸಾಕು: ಗ್ರ್ಯಾಂಡ್‌ಮಾಸ್ಟರ್ ಸೈಮಲ್ ಮಾಡಿಸಿದವರ ಅನುಭವ

ರಾಜಾಜಿನಗರದಿಂದ ಪ್ರಶ್ನೆ

ನಮ್ಮದು ಚಿಕ್ಕ ಚೆಸ್ ಕ್ಲಬ್. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತೇವೆ. ಟೂರ್ನಿಗೆಂದು ಬೆಂಗಳೂರಿಗೆ ಬರುತ್ತಿರುವ ಒಬ್ಬ ಗ್ರ್ಯಾಂಡ್‌ಮಾಸ್ಟರ್ (ಜಿಎಂ, ಚೆಸ್‌ನ ಅತ್ಯುನ್ನತ ಬಿರುದು ಪಡೆದವರು), ಟೂರ್ನಿ ಮುಗಿದ ಮರುದಿನ ನಮ್ಮಲ್ಲಿ ಸೈಮಲ್ ಆಡಲು ಒಪ್ಪಿದ್ದಾರೆ. ಅಂದರೆ ಅವರೊಬ್ಬರೇ ನಮ್ಮೆಲ್ಲರ ಎದುರು ಒಟ್ಟಿಗೆ ಆಡುವ ಪ್ರದರ್ಶನ ಪಂದ್ಯ. ಒಂದು ಛತ್ರ ನೋಡಿದ್ದೇವೆ. 60 ಬೋರ್ಡ್ ಹಾಕಿ ಪ್ರವೇಶ ಶುಲ್ಕ ಇಟ್ಟರೆ ಖರ್ಚು ಗಿಟ್ಟುತ್ತದೆ ಎಂಬುದು ಕಮಿಟಿಯವರ ಲೆಕ್ಕ. ಮೊದಲು ಇಂಥದ್ದು ಮಾಡಿದವರು ಏನೇನು ನೋಡಿಕೊಳ್ಳಬೇಕು ಅಂತ ಹೇಳ್ತೀರಾ?

ಜಯನಗರದಿಂದ

60 ಬೇಡ ಸರ್. 25 ಸಾಕು. ತೀರಾ ಒತ್ತಾಯ ಬಂದರೆ 30. ಮಿಕ್ಕಿದ್ದನ್ನೆಲ್ಲ ಅಲ್ಲಲ್ಲೇ ಸರಿಮಾಡಿಕೊಳ್ಳಬಹುದು, ಇದನ್ನು ಮಾತ್ರ ಆಮೇಲೆ ಸರಿಮಾಡಲು ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಜಿಎಂ ಒಂದು ಬೋರ್ಡ್ ಮುಂದೆ ಸರಾಸರಿ 10 ಸೆಕೆಂಡ್ ನಿಲ್ಲುತ್ತಾರೆ ಅಂದುಕೊಳ್ಳಿ. ಒಂದು ಆಟಕ್ಕೆ 40 ನಡೆ. 25 ಬೋರ್ಡ್ ಆದರೆ 10,000 ಸೆಕೆಂಡ್, ಹತ್ತಿರ ಹತ್ತಿರ ಎರಡೂಮುಕ್ಕಾಲು ಗಂಟೆ. 60 ಆದರೆ ಆರೂವರೆ ಗಂಟೆ ದಾಟುತ್ತದೆ. ಕೆಲವು ಆಟ ಬೇಗ ಮುಗಿಯುವುದರಿಂದ ಸ್ವಲ್ಪ ಇಳಿಯಬಹುದು, ಅಷ್ಟೇ. ಆಡುವವರ ಕಡೆಯಿಂದಲೂ ಯೋಚಿಸಿ. 60 ಬೋರ್ಡ್ ಸುತ್ತಿ ಬರಲು ಜಿಎಂಗೆ ಹತ್ತು ನಿಮಿಷ ಬೇಕು. ಎಂಟು ವರ್ಷದ ಮಗು ಹತ್ತು ನಿಮಿಷಕ್ಕೆ ಒಂದು ನಡೆ ಇಟ್ಟುಕೊಂಡು ಎಷ್ಟು ಹೊತ್ತು ಕೂರುತ್ತೆ ಹೇಳಿ?

ದೊಡ್ಡ ಸೈಮಲ್‌ಗಳು ಆಗಿಲ್ಲ ಅಂತಲ್ಲ. 1922ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 103 ಬೋರ್ಡ್ ಆಡಿ 102 ಗೆದ್ದು ಒಂದು ಡ್ರಾ ಮಾಡಿಕೊಂಡರು. ಇರಾನಿನ ಜಿಎಂ ಎಹ್ಸಾನ್ ಘಯೇಮ್ ಮಗಾಮಿ 2011ರಲ್ಲಿ 604 ಜನರ ಜೊತೆ ಆಡಿದರು, ಮುಗಿಯಲು ಒಂದು ದಿನಕ್ಕಿಂತ ಜಾಸ್ತಿ ಹಿಡಿಯಿತು. ಅವೆಲ್ಲ ದಾಖಲೆಯ ಲೆಕ್ಕ. 2010ರಲ್ಲಿ ಹೈದರಾಬಾದಿನ ಗಣಿತ ಸಮ್ಮೇಳನದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಆನಂದ್ ಅವರೇ 40 ಬೋರ್ಡ್ ಆಡಿದ್ದು. 14 ವರ್ಷದ ಹುಡುಗನೊಬ್ಬ ಡ್ರಾ ಮಾಡಿಕೊಂಡ, ಉಳಿದ 39 ಅವರದ್ದೇ. ಅಂಥ ಕಡೆಯೇ 40. ನಮ್ಮ ಕ್ಲಬ್‌ಗೆ 60 ಯಾಕೆ?

ಇನ್ನು ಟೇಬಲ್. ಛತ್ರದ ಊಟದ ಟೇಬಲ್ ನೋಡಿದ್ದೀರಲ್ಲ, ಎಲೆ ಹಿಡಿಸುವಷ್ಟೇ ಅಗಲ. ಟೂರ್ನಿಗೆ ಬಳಸುವ ಸುತ್ತಿಡುವ ಬೋರ್ಡ್ ಸುಮಾರು 50 ಸೆಂಟಿಮೀಟರ್ ಇರುತ್ತದೆ. ಅಂಚು ಹೊರಗೆ ಬಾಗಿ ಆನೆ, ಕುದುರೆ ಎಲ್ಲ ಉರುಳುತ್ತವೆ. ನಡೆ ಬರೆಯುವ ಹಾಳೆಗೂ ಜಾಗ ಇರುವುದಿಲ್ಲ. ಎರಡೆರಡು ಟೇಬಲ್ ಜೋಡಿಸಿ ಬಟ್ಟೆ ಹಾಸಿ, ಇಲ್ಲಾ ಶಾಮಿಯಾನದವರ ಹತ್ತಿರ ಅಗಲದ ಟೇಬಲ್ ಬಾಡಿಗೆಗೆ ತರಿಸಿ. ಟೇಪ್ ಹಿಡಿದು ನೀವೇ ಹೋಗಿ ಅಳೆದು ಬನ್ನಿ. ಫೋನಿನಲ್ಲಿ ಕೇಳಿದರೆ ಎಲ್ಲರೂ "ದೊಡ್ಡ ಟೇಬಲ್ಲೇ ಸಾರ್" ಅನ್ನುತ್ತಾರೆ.

ಟೇಬಲ್‌ಗಳನ್ನು ಲಾಳದ ಆಕಾರದಲ್ಲಿ ಇಡಿ. ಜಿಎಂ ಒಳಗೆ ನಡೆಯುತ್ತಾರೆ, ಆಡುವವರು ಹೊರಗೆ ಕೂರುತ್ತಾರೆ. ಸಾಮಾನ್ಯವಾಗಿ ಎಲ್ಲ ಬೋರ್ಡ್‌ನಲ್ಲೂ ಜಿಎಂಗೆ ಬಿಳಿ ಕಾಯಿ, ಆಗ ಗೊಂದಲ ಇಲ್ಲ. ಕುರ್ಚಿಗಳ ಹಿಂದೆ ಮೂರಡಿ ಬಿಟ್ಟು ಹಗ್ಗ ಕಟ್ಟಿ. ಬೋರ್ಡಿಗೊಂದು ಮೀಟರ್ ಹಿಡಿದರೂ 25 ಬೋರ್ಡನ್ನು 40 ಸಲ ಸುತ್ತಿದರೆ ಒಂದು ಕಿಲೋಮೀಟರ್ ಆಯಿತು, ಅದೂ ಪ್ರತಿ ಮೀಟರಿಗೆ ಒಮ್ಮೆ ಬಗ್ಗಿಕೊಂಡು. ಒಳಗೆ ಸುಕ್ಕು ಬೀಳುವ ಕಾರ್ಪೆಟ್ ಹಾಸಬೇಡಿ. ಒಂದು ಮೂಲೆಯಲ್ಲಿ ಕುರ್ಚಿ, ನೀರು, ಕಾಫಿ ಇರಲಿ.

ಕೊನೆಯದಾಗಿ, ದಯವಿಟ್ಟು ಸನ್ಮಾನ ಮೊಟಕು ಮಾಡಿ. ನಮ್ಮೂರಲ್ಲಿ ಯಾವ ಕಾರ್ಯಕ್ರಮ ಆದರೂ ಪ್ರಾರ್ಥನೆ, ದೀಪ, ಸ್ವಾಗತ ಭಾಷಣ, ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ "ನಾನು ಹೆಚ್ಚು ಮಾತಾಡುವುದಿಲ್ಲ" ಅಂತ ಶುರು ಮಾಡುವ ಅಧ್ಯಕ್ಷರು. ನಾನು ನೋಡಿದ ಒಂದು ಸೈಮಲ್‌ನಲ್ಲಿ ಹತ್ತು ಗಂಟೆಗೆ ಶುರುವಾಗಬೇಕಿದ್ದ ಆಟ ಹನ್ನೊಂದೂವರೆಗೆ ಶುರುವಾಯಿತು. ಜಿಎಂಗೆ ಸಂಜೆ ವಿಮಾನ. ನಡುವೆ ಊಟದ ಹೊತ್ತು ಬಂತು. ಚೆನ್ನಾಗಿ ಆಡುತ್ತಿದ್ದವರ ಆಟಗಳೇ ಅರ್ಧಕ್ಕೆ ನಿಂತು "ಡ್ರಾ ಅಂದ್ಕೊಳ್ಳೋಣ" ಅಂತಾಯಿತು. ಸನ್ಮಾನ ಆಟ ಮುಗಿದ ಮೇಲಿರಲಿ. ಆಗ ಅತಿಥಿಗಳಿಗೂ ಹಸಿವಾಗಿರುತ್ತೆ, ಚಿಕ್ಕದಾಗಿ ಮುಗಿಸುತ್ತಾರೆ.

ಮಲ್ಲೇಶ್ವರದಿಂದ ಒಬ್ಬ ತಾಯಿ

ನನ್ನ ಮಗಳು ಇಂಥ ಸೈಮಲ್‌ನಲ್ಲಿ ಆಡಿದ್ದಾಳೆ. ಮಕ್ಕಳಿಗಿಂತ ಅಪ್ಪ ಅಮ್ಮಂದಿರನ್ನು ಹಿಡಿಯುವುದೇ ದೊಡ್ಡ ಕೆಲಸ, ನನ್ನನ್ನೂ ಸೇರಿಸಿ. ಹಿಂದೆ ನಿಂತು ಕೆಮ್ಮುವುದು, ತಲೆ ಅಲ್ಲಾಡಿಸುವುದು, ಫೋಟೊ ತೆಗೆಯುವ ನೆಪದಲ್ಲಿ ಹತ್ತಿರ ಹೋಗುವುದು. ಹಗ್ಗದ ಜೊತೆ ಅವರಿಗೆ ಬೇರೆ ಕೋಣೆ ಕೊಡಿ. ನಮ್ಮಲ್ಲಿ ಮೇಲಿನ ಮಹಡಿಯಲ್ಲಿ ಪರದೆ ಹಾಕಿ, ಕ್ಲಬ್ಬಿನ ಹಿರಿಯರೊಬ್ಬರು ಎರಡು ಮೂರು ಆಟಗಳನ್ನು ಕನ್ನಡದಲ್ಲಿ ವಿವರಿಸುತ್ತಿದ್ದರು. ಚೆಸ್ ಗೊತ್ತಿಲ್ಲದ ಅಜ್ಜಿಯರೂ ಕೂತು ಕೇಳಿದರು. ಆಡುವವರ ಕಿವಿಗೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳಿ.

ಫೋನು, ಸ್ಮಾರ್ಟ್ ವಾಚು ಎಲ್ಲ ಬಾಗಿಲಲ್ಲೇ ಹೆಸರು ಬರೆದ ಕವರಿಗೆ ಹಾಕಿಸಿ. ರೇಟಿಂಗ್‌ಗೆ (ಆಟಗಾರರ ಮಟ್ಟ ತೋರಿಸುವ ಅಂಕ) ಸೇರದ ಆಟ ಅಂತ ಸಡಿಲ ಬಿಟ್ಟರೆ ಶೌಚಾಲಯಕ್ಕೆ ಹೋಗಿ ಎಂಜಿನ್, ಅಂದರೆ ಒಳ್ಳೆಯ ನಡೆ ಹೇಳಿಕೊಡುವ ಚೆಸ್ ಸಾಫ್ಟ್‌ವೇರ್, ನೋಡಿ ಬರುವವರು ಇದ್ದಾರೆ.

ಯಾರಿಗೆ ಜಾಗ ಅನ್ನುವುದನ್ನೂ ಈಗಲೇ ಬರೆದಿಡಿ. ಕೋಚಿಂಗ್ ಅಕಾಡೆಮಿಗಳು ಗುಂಪಾಗಿ ಹೆಸರು ಕೊಟ್ಟು ಎಲ್ಲ ಬೋರ್ಡ್ ತುಂಬಿಬಿಡುತ್ತವೆ. ನಿಮ್ಮದೇ ಕ್ಲಬ್‌ಗೆ ವರ್ಷಗಟ್ಟಲೆ ಬಂದ ನಿವೃತ್ತರು ಹೊರಗೆ ನಿಲ್ಲುತ್ತಾರೆ. ರೇಟಿಂಗ್ ಮಿತಿ ಏನಿರಲಿ ಅಂತ ಜಿಎಂ ಹತ್ತಿರವೇ ಕೇಳಿ. ಮಕ್ಕಳು ಅಂತ ಅವರು ಹಗುರವಾಗಿ ತಗೊಳ್ಳುವುದಿಲ್ಲ ಬಿಡಿ. 1925ರಲ್ಲಿ ಲೆನಿನ್‌ಗ್ರಾಡ್‌ನ ಸೈಮಲ್‌ನಲ್ಲಿ ಅದೇ ಕಾಪಾಬ್ಲಾಂಕಾ ಸೋತಿದ್ದು 14 ವರ್ಷದ ಬೋತ್ವಿನಿಕ್‌ಗೆ. ಆ ಹುಡುಗ 1948ರಲ್ಲಿ ವಿಶ್ವ ಚಾಂಪಿಯನ್ ಆದ.

ವಿಜಯನಗರದಿಂದ

ನಾನು ಲೆಕ್ಕಪತ್ರದ ಕಡೆಯವನು, ಅದನ್ನಷ್ಟೇ ಹೇಳ್ತೀನಿ. ಗೌರವಧನ, ಓಡಾಟ, ವಸತಿ ಯಾರದ್ದು ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೋರ್ಡ್ ಸಂಖ್ಯೆ, ಶುರುವಾಗುವ ಸಮಯ, ಮುಗಿಯಲೇಬೇಕಾದ ಸಮಯವೂ ಅದರಲ್ಲಿರಲಿ. ಬರುವವರು ವಿದೇಶಿಯರಾದರೆ ಯಾವ ವೀಸಾ ಅಂತ ಕೇಳಿ. ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ದುಡ್ಡು ಕೊಟ್ಟು ಆಡಿಸುವುದು ತೊಂದರೆಯ ವಿಷಯ. ಹೊರದೇಶದ ಆಟಗಾರರಿಗೆ ಕೊಡುವ ಹಣದಲ್ಲಿ ಶೇ 20 ತೆರಿಗೆ, ಮೇಲೆ ಸೆಸ್ ಹಿಡಿಯಬೇಕು. "ಕೈಗೆ ಇಷ್ಟು ಬರಬೇಕು" ಅಂತ ಮಾತಾಗಿದ್ದರೆ ಆ ತೆರಿಗೆ ನಿಮ್ಮ ತಲೆಗೇ ಬರುತ್ತೆ. ಮಾತು ಕೊಡುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಛತ್ರದ ಬಾಡಿಗೆ ಮುಹೂರ್ತ ನೋಡಿಕೊಂಡು ಏರುತ್ತದೆ. ನಿಮ್ಮ ದಿನಾಂಕ ಆಷಾಢದಲ್ಲಿ ಬಿದ್ದರೆ ಧೈರ್ಯವಾಗಿ ಚೌಕಾಸಿ ಮಾಡಿ. ಇಲ್ಲದಿದ್ದರೆ ಶಾಲೆಯ ಹಾಲ್ ಕೇಳುವುದೇ ಮೇಲು. ಪಕ್ಕದ ಹಾಲ್‌ನಲ್ಲಿ ಆರತಕ್ಷತೆ ಇಟ್ಟುಕೊಂಡು ಯಾರಿಗೆ ಎಂಡ್‌ಗೇಮ್ (ಆಟದ ಕೊನೆಯ ಹಂತ) ಹೊಳೆಯುತ್ತೆ!

ಕೋರಮಂಗಲದಿಂದ

ಜಯನಗರದವರ ಮಾತನ್ನು ನಾನು ಪೂರ್ತಿ ಒಪ್ಪಲ್ಲ. 25 ಅಂದರೆ ದುಡ್ಡಿದ್ದವರು, ಪರಿಚಯ ಇದ್ದವರು ಮಾತ್ರ ಆಡಿ ಹೋಗುವ ಹಾಗಾಗುತ್ತದೆ. ಕರ್ನಾಟಕಕ್ಕೆ ಮೊದಲ ಜಿಎಂ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ನಮ್ಮ ಕಾಲದಲ್ಲಿ ಜಿಎಂ ಅಂದರೆ ಪೇಪರಿನಲ್ಲಿ ನೋಡಿದ್ದು. ಬಂದಾಗ ಹತ್ತಿರದಿಂದ ನೋಡುವ ಅವಕಾಶ ಜಾಸ್ತಿ ಜನಕ್ಕೆ ಸಿಗಬೇಕು ಅಲ್ವಾ?

ನಾವು ಮಾಡಿದ್ದು ಹೀಗೆ. ಬೋರ್ಡ್ ಕಡಿಮೆಯೇ ಇಟ್ಟೆವು. ಅರ್ಧ ಜಾಗಕ್ಕೆ ಶುಲ್ಕ, ಇನ್ನರ್ಧಕ್ಕೆ ಚೀಟಿ ಎತ್ತಿ ಆರಿಸಿದೆವು, ಅವರಿಗೆ ಶುಲ್ಕವಿಲ್ಲ. ಆಟ ಮುಗಿದ ಮೇಲೆ ಒಂದು ಗಂಟೆ ಜಿಎಂ ಅವರೇ ಎಲ್ಲರಿಗೂ ಕಾಣುವಂಥ ದೊಡ್ಡ ಡೆಮೊ ಬೋರ್ಡ್ ಮೇಲೆ ಮೂರು ಆಟ ವಿವರಿಸಿದರು. ಅದಕ್ಕೆ ಎಲ್ಲರಿಗೂ ಪ್ರವೇಶ. ಆಡದೆ ಇದ್ದವರು ಜಾಸ್ತಿ ಖುಷಿಪಟ್ಟಿದ್ದು ಆ ಗಂಟೆಯಲ್ಲೇ. ಪ್ರಾಯೋಜಕರಿಗೆ ಒಂದು ಬೋರ್ಡ್ ಕೊಡಿ, ಬೇಡ ಅನ್ನಲ್ಲ, ಆದರೆ ಒಂದೇ.

ಗಡಿಯಾರ ಇಟ್ಟು ಆಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆಗ ಪ್ರತಿ ಬೋರ್ಡ್‌ನಲ್ಲೂ ಜಿಎಂ ಗಡಿಯಾರ ಓಡುತ್ತಿರುತ್ತದೆ. ಅದು ಆರೆಂಟು ಗಟ್ಟಿ ಆಟಗಾರರಿಗೆ ಸರಿ, ಕ್ಲಬ್ ಸೈಮಲ್‌ಗಲ್ಲ.

ರಾಜಾಜಿನಗರದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಕಮಿಟಿಯಲ್ಲಿ ಜಗಳ ಆಡಿ 28ಕ್ಕೆ ತಂದಿದ್ದೇನೆ. ಸನ್ಮಾನ ಕೊನೆಗೆ ಹಾಕಿದ್ದಕ್ಕೆ ನಮ್ಮ ಅಧ್ಯಕ್ಷರು ಮುನಿಸಿಕೊಂಡಿದ್ದಾರೆ, ಇರಲಿ. ಒಂದು ಅನುಮಾನ. ಜಿಎಂ ಬಂದಾಗ ನಡೆ ಹೊಳೆಯದಿದ್ದರೆ ಏನು ಮಾಡುವುದು? ಕೊನೆಗೆ ಮೂರೋ ನಾಲ್ಕೋ ಬೋರ್ಡ್ ಉಳಿದಾಗ ಅವರು ಪದೇ ಪದೇ ಬಂದು ನಿಂತರೆ ಯೋಚಿಸಲು ಸಮಯವೇ ಸಿಗಲ್ಲ ಅಲ್ವಾ?

ಜಯನಗರದಿಂದ

ಜಿಎಂ ಬೋರ್ಡ್ ಮುಂದೆ ಬಂದ ಮೇಲೆಯೇ ನಡೆ ಇಡಬೇಕು, ಮೊದಲೇ ಇಟ್ಟು ಕೂರುವ ಹಾಗಿಲ್ಲ. ಹೊಳೆಯದಿದ್ದರೆ "ಪಾಸ್" ಅನ್ನಬಹುದು, ಅವರು ಮುಂದೆ ಹೋಗುತ್ತಾರೆ. ಒಬ್ಬೊಬ್ಬರಿಗೆ ಮೂರು ಪಾಸ್ ಅಂತ ಇಡಿ. ನೀವು ಹೇಳಿದ ಕಷ್ಟ ನಿಜ. ಇಡೀ ಬೆಳಿಗ್ಗೆ ಚೆನ್ನಾಗಿ ಆಡಿ ಉಳಿದುಕೊಂಡವರೇ ಕೊನೆಗೆ ಅವಸರದಲ್ಲಿ ಸೋಲುವುದು. ಅದಕ್ಕೆ ಐದಕ್ಕಿಂತ ಕಡಿಮೆ ಬೋರ್ಡ್ ಉಳಿದಾಗ ಪ್ರತಿ ನಡೆಗೆ ಇಂತಿಷ್ಟು ಸಮಯ ಕೊಡೋಣ ಅಂತ ಜಿಎಂ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಬಹಳಷ್ಟು ಜನ ಒಪ್ಪುತ್ತಾರೆ.

ಈ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಟೇಬಲ್ ಮೇಲೆ ಅಂಟಿಸಿ. ಹಿಂದಿನ ದಿನವೇ ಎರಡೆರಡು ಬೋರ್ಡಿಗೆ ಒಂದು ಹೆಚ್ಚುವರಿ ಕ್ವೀನ್ ಎಣಿಸಿಡಿ, ಪಾನ್ (ಕಾಲಾಳು) ಕೊನೆಯ ಸಾಲು ಮುಟ್ಟಿ ಕ್ವೀನ್ ಆಗಿ ಪ್ರಮೋಟ್ ಆದಾಗ ಪಕ್ಕದ ಬೋರ್ಡಿಗೆ ಕೈ ಹಾಕುವುದು ತಪ್ಪುತ್ತದೆ.