ಕೇಮನ್ ಹಡಗು, ಮುಂಜಿ ಬಸ್ಸು

ಭಾನುವಾರ ಬೆಳಗ್ಗೆ ಚಿಕ್ಕಮ್ಮ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಕ್ರೂಸ್ ಹೋಗುವ ಹಿರಿಯರೇ ಎಚ್ಚರ! ಕೆರಿಬಿಯನ್‌ನಲ್ಲಿ ಬಂದರಿನ ಬಾಡಿಗೆ ಉಳಿಸಲು ದೊಡ್ಡ ಹಡಗುಗಳನ್ನು ನೀರಿನಲ್ಲೇ ನಿಲ್ಲಿಸಿ, ಜನರನ್ನು ಲೈಫ್‌ಬೋಟಿಗೆ ತುಂಬಿ ದಡಕ್ಕೆ ಸಾಗಿಸುತ್ತಾರೆ. ಹತ್ತು ಜನರಿಗೆ ತಿಳಿಸಿ." ಕೆಳಗೆ ಒಂದು ಭಾರೀ ಹಡಗಿನ ಫೋಟೊ.

ಯಾಕೆ ಹಾಕಿದರು ಅಂತ ಎಲ್ಲರಿಗೂ ಗೊತ್ತು. ದೊಡ್ಡಪ್ಪ, ದೊಡ್ಡಮ್ಮನಿಗೆ ಡಾಲಸ್‌ನಲ್ಲಿರುವ ಅವರ ಮಗ ಒಂದು ಕ್ರೂಸ್ ಬುಕ್ ಮಾಡಿದ್ದಾನೆ, ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್ ದ್ವೀಪಕ್ಕೂ ಮೆಕ್ಸಿಕೋದ ಕೋಜುಮೆಲ್‌ಗೂ ಹೋಗುವುದು. ದೊಡ್ಡಮ್ಮನಿಗೆ ಮಂಡಿ ನೋವು. ಚಿಕ್ಕಮ್ಮನಿಗೆ ಸಂಕಟ ಆಗಿದ್ದು ಮಂಡಿಯ ಬಗ್ಗೆಯೋ ಕ್ರೂಸಿನ ಬಗ್ಗೆಯೋ, ನಾನು ಕೇಳಲು ಹೋಗಲಿಲ್ಲ.

ಮೊದಲು ಬಂದವರು ಭಾವ. "ಸೋರ್ಸ್ ಏನು?" ಅವರಿಗೆ ಮಳೆ ಬಂತು ಅಂದರೂ ಸೋರ್ಸ್ ಬೇಕು. ಆದರೆ ಈ ಸಲ ಒಂದು ಒಳ್ಳೆಯ ಕೆಲಸ ಮಾಡಿದರು, ಫೋಟೊ ಯಾವ ಹಡಗಿನದು ಅಂತ ಹುಡುಕಿದರು. ಅದು ಐಕಾನ್ ಆಫ್ ದಿ ಸೀಸ್. 2024ರಲ್ಲಿ ಓಡಾಟ ಶುರು ಮಾಡಿದ್ದು. ಉದ್ದ ಸುಮಾರು 365 ಮೀಟರ್, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಅಷ್ಟು ಜನರನ್ನು ದೋಣಿಯಲ್ಲಿ ಇಳಿಸಿ ಹತ್ತಿಸುವುದರಲ್ಲೇ ದಿನ ಮುಗಿಯುತ್ತದೆ. ಅದಕ್ಕೇ ಅಂಥ ಹಡಗುಗಳು, ತಾಗಿ ನಿಂತು ಜನರನ್ನು ನೇರ ಇಳಿಸುವಂಥ ಕಟ್ಟೆ ಇರುವ ಬಂದರುಗಳಿಗೆ ಹೋಗುತ್ತವೆ. ಜಮೈಕಾದ ಫಾಲ್ಮತ್‌ನಲ್ಲಿ ಇಂಥ ಭಾರೀ ಹಡಗುಗಳಿಗೆಂದೇ ಕಟ್ಟೆ ಕಟ್ಟಿ 2011ರಲ್ಲಿ ತೆರೆದರು.

"ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?" ಅಂತ ಚಿಕ್ಕಮ್ಮ.

ಪೂರ್ತಿ ಸುಳ್ಳಲ್ಲ ಅಂತ ನಾನು ಬರೆದೆ. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್‌ನಲ್ಲಿ ಕ್ರೂಸ್ ಹಡಗಿಗೆ ಕಟ್ಟೆಯೇ ಇಲ್ಲ. ಬಂದ ಹಡಗೆಲ್ಲ ದೂರ ನಿಲ್ಲಲೇಬೇಕು. ಬಾಡಿಗೆ ಉಳಿಸುವ ಮಾತೇ ಬರುವುದಿಲ್ಲ, ತಲೆಗಿಷ್ಟು ಅಂತ ತೆರಿಗೆ ಹೇಗೂ ಇದೆ. ಕಟ್ಟೆ ಬೇಡ ಅಂದವರು ಅಲ್ಲಿನ ಜನ. ಕಟ್ಟಿದರೆ ಹವಳದ ದಿಬ್ಬ ಹಾಳಾಗುತ್ತದೆ, ಊರು ಇಷ್ಟು ಜನರನ್ನು ತಾಳುವುದಿಲ್ಲ ಅಂತ ವರ್ಷಗಟ್ಟಲೆ ಜಗಳ ನಡೆಯಿತು. 2025ರ ಏಪ್ರಿಲ್ 30ರಂದು ಚುನಾವಣೆಯ ಜೊತೆಗೇ ಜನಮತ ಕೇಳಿದರು, ಜಾಸ್ತಿ ಜನ ಬೇಡ ಅಂದರು. ಮಧ್ಯ ಅಮೆರಿಕದ ಬೆಲೀಜ್ ಸಿಟಿಯ ಕಥೆ ಬೇರೆ. ಅಲ್ಲಿ ದಡದ ಹತ್ತಿರ ಆಳವೇ ಇಲ್ಲ, ಹಡಗು ಕಿಲೋಮೀಟರುಗಟ್ಟಲೆ ಆಚೆ ನಿಲ್ಲುತ್ತದೆ. ಲೈಫ್‌ಬೋಟ್ ಅನ್ನುವುದೂ ಈ ಎರಡು ಕಡೆಗೆ ಸರಿಹೋಗುವುದಿಲ್ಲ. ಕರೆದೊಯ್ಯುವುದು ಅಲ್ಲಿಯವರದೇ ದೋಣಿಗಳು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಸುಮ್ನೆ ಇರಲಾಗದೆ, ಅದೇ ದಿನ ಲಾಟರಿ ಮತ್ತು ಗಾಂಜಾ ಬಗ್ಗೆಯೂ ಮತ ಕೇಳಿದ್ದರು ಅಂತ ಸೇರಿಸಿದೆ.

ತಾತ ಎದ್ದರು. "ಗಾಂಜಾಕ್ಕೆ ಓಟು ಹಾಕಿಸುವ ಊರಿಗೆ ನಮ್ಮವರು ಯಾಕೆ ಹೋಗಬೇಕು? ಕಾಶಿ ಇಲ್ಲವೇ?" ಕಾಶಿಯಲ್ಲಿ ಗಾಂಜಾ ಸಿಗುವುದಿಲ್ಲವೇ ಅಂತ ತಮ್ಮ ಕೇಳಿದ, ತಕ್ಷಣ ಡಿಲೀಟ್ ಮಾಡಿದ. ಅಷ್ಟರಲ್ಲಿ ಮೂರು ಜನ ಓದಿ ಆಗಿತ್ತು.

ಆಗ ಉಡುಪಿಯ ಅತ್ತಿಗೆಗೆ ಮಲ್ಪೆ ನೆನಪಾಯಿತು. ಸೇಂಟ್ ಮೇರೀಸ್ ದ್ವೀಪಕ್ಕೆ ಎಲ್ಲರೂ ಹೋಗಿದ್ದು, ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿದು, ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ನಡೆದಿದ್ದು, ಬುತ್ತಿಯ ಚಿತ್ರಾನ್ನ ಒದ್ದೆಯಾಗಿದ್ದು. ಕಂಬ ಕಂಬದಂಥ ಕಪ್ಪು ಕಲ್ಲಿನ ಮೇಲೆ ಎಲ್ಲರೂ ಕೂತ ಹಳೆಯ ಫೋಟೊ ಕೂಡ ಬಂತು. ಫೋಟೊದಲ್ಲಿ ಯಾರಿಲ್ಲ ಅನ್ನುವುದು ಮುಂದಿನ ಚರ್ಚೆ.

"ನಮ್ಮನ್ನು ಕರೆದಿದ್ದರೆ ತಾನೇ ಇರೋಕೆ," ಅಂತ ಮೈಸೂರಿನ ಚಿಕ್ಕಪ್ಪ. "ಕೆರಿಬಿಯನ್ ಬಿಡಿ. ನಮ್ಮ ಮನೆ ಮುಂಜಿಗೆ ಬಸ್ಸು ಛತ್ರಕ್ಕೆ ಬರಲಿಲ್ಲ, ಮೇನ್ ರೋಡಲ್ಲೇ ನಿಂತಿತು. ಬೀಗರನ್ನು ಆಟೋದಲ್ಲಿ ಸಾಗಿಸಿದ್ದು ಯಾರು? ಅದರ ದುಡ್ಡು ಇನ್ನೂ ಬಂದಿಲ್ಲ." ಗಲ್ಲಿ ಚಿಕ್ಕದಿದ್ದರೆ ಬಸ್ಸು ಹೇಗೆ ಬರುತ್ತದೆ ಅಂತ ಭಾವ. ಗ್ರ್ಯಾಂಡ್ ಕೇಮನ್ ಸಮಸ್ಯೆಯನ್ನು ಇದಕ್ಕಿಂತ ಚೆನ್ನಾಗಿ ನಾನಂತೂ ವಿವರಿಸಲಾರೆ.

ಈ ಗದ್ದಲದ ನಡುವೆ ದೊಡ್ಡಮ್ಮ ನನಗೊಬ್ಬಳಿಗೇ ಮೆಸೇಜ್ ಮಾಡಿದರು. "ನೀನು ಕೇಮನ್‌ನಲ್ಲಿ ಇಳಿದಿದ್ದೀಯಲ್ಲ, ನನಗೆ ಆಗತ್ತಾ?"

ನಾನು ನೋಡಿದ್ದನ್ನು ಬರೆದೆ. ಹಡಗಿನ ಕೆಳಗಿನ ಮಹಡಿಯಲ್ಲಿ ಒಂದು ಬಾಗಿಲು ತೆರೆಯುತ್ತಾರೆ. ಹೊರಗೆ ದೋಣಿ ನಿಂತಿರುತ್ತದೆ, ನಡುವೆ ಒಂದು ಹಲಗೆ. ಅಲೆಗೆ ದೋಣಿ ಏಳುತ್ತದೆ, ಇಳಿಯುತ್ತದೆ. ಎರಡೂ ಕಡೆ ನಿಂತವರು ನಿಮ್ಮ ತೋಳು ಹಿಡಿದು ಕಾಯುತ್ತಾರೆ, ದೋಣಿ ಸಮಕ್ಕೆ ಬಂದಾಗ "ಈಗ" ಅನ್ನುತ್ತಾರೆ. ಆ ಒಂದು ಹೆಜ್ಜೆಯೇ ಕಷ್ಟ, ಉಳಿದಿದ್ದು ಕೂತು ಹೋಗುವುದು. ಗಾಳಿ ಜಾಸ್ತಿ ಇದ್ದರೆ ದ್ವೀಪದ ತೆಂಕಣ ಬದಿಯ ಸ್ಪಾಟ್ಸ್‌ನಲ್ಲಿ ಇಳಿಸುತ್ತಾರೆ, ಇಲ್ಲವೇ ಇಳಿಸದೆ ಮುಂದೆ ಹೋಗುತ್ತಾರೆ. ಕೋಜುಮೆಲ್‌ನಲ್ಲಿ ಹಡಗು ಕಟ್ಟೆಗೇ ತಾಗಿ ನಿಲ್ಲುತ್ತದೆ, ಅಲ್ಲಿ ಆರಾಮಾಗಿ ನಡೆಯಬಹುದು.

"ಹಾಗಾದ್ರೆ ಕೇಮನ್‌ನಲ್ಲಿ ಅವರೊಬ್ಬರೇ ಇಳಿಯಲಿ. ನಾನು ಹಡಗಲ್ಲೇ ಇರ್ತೀನಿ. ಎಲ್ಲರೂ ಇಳಿದರೆ ಲಿಫ್ಟ್ ಖಾಲಿ ಇರತ್ತೆ ಅಲ್ವಾ?"

ಗುಂಪಿನಲ್ಲಿ ಚಿಕ್ಕಪ್ಪ ಆಟೋ ಲೆಕ್ಕದ ಚೀಟಿಯ ಫೋಟೊ ಹಾಕಿದ್ದರು. ಭಾವ ಅದಕ್ಕೆ ಸಹಿ ಎಲ್ಲಿ ಅಂತ ಕೇಳುತ್ತಿದ್ದರು.