50 ಡಾಲರಿನ ಗೂಡ್ಸ್ ಡಬ್ಬಿ: ಬಾಕ್ಸ್ ತೆರೆದ ಮೇಲೆ ನೀವು ಮೊದಲು ಏನು ನೋಡುತ್ತೀರಿ?

ಪ್ರಶ್ನೆ: ನಾನಿರುವುದು ಒಹಾಯೋದಲ್ಲಿ. ಎಚ್‌ಒ ಅಳತೆಯಲ್ಲಿ, ಅಂದ್ರೆ 1:87ರಲ್ಲಿ, 1950ರ ದಶಕದ ಅಮೆರಿಕದ ಗೂಡ್ಸ್ ರೈಲಿನ ಪುಟ್ಟ ಮಾದರಿ ಜೋಡಿಸುತ್ತಿದ್ದೇನೆ. ಮೊನ್ನೆ ಒಂದು ಬಾಕ್ಸ್‌ಕಾರ್‌ಗೆ, ಅಂದ್ರೆ ಮುಚ್ಚಿದ ಗೂಡ್ಸ್ ಡಬ್ಬಿಗೆ, 50 ಡಾಲರ್ ಕೊಟ್ಟೆ. ನೋಡಿದರೆ ಮೆಟ್ಟಿಲು ಮುರಿದಿದೆ, ಡಬ್ಬಿಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ, ಅಂದ್ರೆ ಕಪ್ಲರ್, ಜೋತು ಬಿದ್ದಿದೆ, ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಹಳಿ ತಪ್ಪುತ್ತದೆ. ಇದೆಲ್ಲ ಮಾಮೂಲಾ? ವಾಪಸ್ ಕಳಿಸಲಾ, ರಿಪೇರಿ ಮಾಡಿಕೊಳ್ಳಲಾ?

ಉತ್ತರ: ಮಾಮೂಲು ಹೌದು, ಆದರೆ ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ. ಮೊದಲು ಪ್ಯಾಕಿಂಗ್ ಫೋಮ್ ಬಿಸಾಡಬೇಡಿ, ಮುರಿದ ಮೆಟ್ಟಿಲು ಅದರ ಸಂದಿಯಲ್ಲೇ ಇರಬಹುದು. ಆಮೇಲೆ ಗಾಲಿ ನೋಡಿ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಮ್‌ಆರ್‌ಎ, ಅದರ ಗೇಜ್ ಅಂತ ಅಳತೆ ನೋಡುವ ಒಂದು ಲೋಹದ ತಗಡು ಸಿಗುತ್ತದೆ, ಈ ಹವ್ಯಾಸದಲ್ಲಿ ಕೊಳ್ಳಲೇಬೇಕಾದ ಒಂದೇ ಸಾಮಾನು ಅಂದ್ರೆ ನನ್ನ ಪ್ರಕಾರ ಅದೇ. ಅದರ ಕಚ್ಚಿನಲ್ಲಿ ಎರಡೂ ಗಾಲಿ ಕೂರದಿದ್ದರೆ ಪಾಯಿಂಟ್‌ನಲ್ಲಿ ಹಳಿ ತಪ್ಪುವುದು ಗ್ಯಾರಂಟಿ. ಗಾಲಿಗಳನ್ನು ಹಿಡಿದು ನಿಧಾನವಾಗಿ ತಿರುಚುತ್ತಾ ಎಳೆದರೆ ಅಥವಾ ಒತ್ತಿದರೆ ಸರಿಯಾಗುತ್ತದೆ. ಕಪ್ಲರ್ ಎತ್ತರಕ್ಕೆ ಕೇಡೀ ಕಂಪನಿಯ ಗೇಜ್ ಇದೆ. ಇಡೀ ಡಬ್ಬಿಯೇ ತಗ್ಗಾಗಿದ್ದರೆ ಟ್ರಕ್ ಮೇಲೆ, ಅಂದ್ರೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟಿನ ಮೇಲೆ, ತೆಳು ಫೈಬರ್ ವಾಷರ್ ಹಾಕಿ, ಕಪ್ಲರ್ ಮೂತಿ ಮಾತ್ರ ಜೋತಿದ್ದರೆ ಅದರ ಪೆಟ್ಟಿಗೆಯೊಳಗೆ ತೆಳು ಪ್ಲಾಸ್ಟಿಕ್ ತುಂಡು ಕೊಡಿ. ಟ್ರಕ್ ಸ್ಕ್ರೂ ಎರಡನ್ನೂ ಒಂದೇ ಬಿಗಿ ಮಾಡಬೇಡಿ. ಒಂದು ಕಡೆಯದು ತಿರುಗಿದರೆ ಸಾಕು, ಇನ್ನೊಂದು ಕಡೆಯದು ಸ್ವಲ್ಪ ಸಡಿಲ ಇದ್ದು ಅತ್ತಿತ್ತ ವಾಲಬೇಕು, ಆಗ ಹಳಿ ಏರುಪೇರಾಗಿದ್ದರೂ ನಾಲ್ಕೂ ಮೂಲೆ ಊರಿಕೊಂಡು ಓಡುತ್ತದೆ. ಕೊನೆಗೆ ತೂಕ. ಎನ್‌ಎಮ್‌ಆರ್‌ಎ ಲೆಕ್ಕ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ಡಬ್ಬಿಗೆ 4 ಔನ್ಸ್, ಅಂದ್ರೆ ಸುಮಾರು 113 ಗ್ರಾಂ.

ಗಾಲಿ, ಕಪ್ಲರ್ ನಾವೇ ಸರಿ ಮಾಡಿಕೊಳ್ಳಬಹುದು. ಓರೆಯಾಗಿ ಎರಕವಾದ ಬಾಡಿ, ವಕ್ರವಾಗಿ ಬಿದ್ದ ಅಕ್ಷರ ಇವಕ್ಕೆ ಮದ್ದಿಲ್ಲ, ಸೀದಾ ವಾಪಸ್.

ಉತ್ತರ: ಮೇಲಿನವರು ಹೇಳಿದ್ದೆಲ್ಲ ಓಡಾಟದ ವಿಷಯ. ನಿಜವಾದ ಡಬ್ಬಿಗೆ ಇದು ಹೋಲುತ್ತದಾ ಅನ್ನುವುದು ಬೇರೆ ವಿಷಯ, ಅದನ್ನು ದುಡ್ಡು ಕೊಡುವ ಮುಂಚೆಯೇ ನೋಡಬೇಕು. ನಿಮ್ಮದು 1950ರ ದಶಕ ಅಲ್ವಾ? ಹಾಗಾದರೆ ಚಾವಣಿ ಮೇಲೆ ನಡೆಯುವ ಹಲಗೆ ಇರಬೇಕು, ಏಣಿ ಮೇಲಿನವರೆಗೂ ಹೋಗಬೇಕು. ಹಲಗೆ ಇಲ್ಲದ ಬಾಕ್ಸ್‌ಕಾರ್ ಮಾಮೂಲಾಗಿದ್ದು 1966ರ ಆಸುಪಾಸಿನಿಂದ ಈಚೆಗೆ. ಪಕ್ಕದಲ್ಲಿ ಬಣ್ಣಬಣ್ಣದ ಪಟ್ಟೆಗಳ ಸಣ್ಣ ಫಲಕ ಕಂಡರೆ ಅದು ಎಸಿಐ ಗುರುತು, ಅಂದ್ರೆ ಡಬ್ಬಿಯ ನಂಬರನ್ನು ಯಂತ್ರ ಓದಲಿ ಅಂತ ಹಾಕುತ್ತಿದ್ದ ಫಲಕ, ಬಂದದ್ದು 1967ರಲ್ಲಿ. ಟ್ರಕ್ಕಿನಲ್ಲಿ ಗಾಲಿಯ ಅಚ್ಚಿನ ತುದಿಗೆ ಮುಚ್ಚಳದ ಎಣ್ಣೆ ಪೆಟ್ಟಿಗೆ ಇರಬೇಕು. ತಿರುಗುವ ರೋಲರ್ ಬೇರಿಂಗ್ ಕ್ಯಾಪ್ ಆಗಿನ ಸಾಮಾನ್ಯ ಡಬ್ಬಿಗಳಿಗೆ ಒಪ್ಪುವುದಿಲ್ಲ.

ಇನ್ನೊಂದು ಕಿರಿಕಿರಿ ಇದೆ. ಒಂದೇ ಬಾಡಿಗೆ ಹತ್ತಾರು ರೈಲ್ವೆಗಳ ಬಣ್ಣ ಬಳಿದು ಮಾರುತ್ತಾರೆ. ಡಬ್ಬಿ ಕಟ್ಟುವ ಕಂಪನಿ ಪುಲ್‌ಮನ್ ಸ್ಟ್ಯಾಂಡರ್ಡ್ 1947ರಲ್ಲಿ ತಂದ ಪಿಎಸ್-1 ಬಾಕ್ಸ್‌ಕಾರ್‌ಗಳು ಎಲ್ಲ ಒಂದೇ ಥರ ಕಂಡರೂ ಬಾಗಿಲು 6, 7, 8 ಅಡಿ ಅಂತ ಬೇರೆಬೇರೆ ಇತ್ತು. ಡಬ್ಬಿಯ ನಂಬರ್ ಇಟ್ಟುಕೊಂಡು, ರೈಲ್ವೆಗಳ ಡಬ್ಬಿಗಳ ಪಟ್ಟಿ ಇರುವ ಅಫಿಶಿಯಲ್ ರೈಲ್ವೇ ಎಕ್ವಿಪ್‌ಮೆಂಟ್ ರಿಜಿಸ್ಟರಿನ ಆ ಕಾಲದ ಸಂಚಿಕೆಯಲ್ಲಿ ಹುಡುಕಿ. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಯಾವ ಅಳತೆ, ಬಾಗಿಲು ಎಷ್ಟಗಲ, ಎಲ್ಲ ಇರುತ್ತದೆ. ಆಮೇಲೆ ನಿಜವಾದ ಡಬ್ಬಿಯ ಒಂದು ಫೋಟೊ ನೋಡಿ. ಬಣ್ಣದ ಛಾಯೆ ಬಗ್ಗೆ ಮಾತ್ರ ಜಗಳಕ್ಕೆ ಇಳಿಯಬೇಡಿ, ಹಳೇ ಫಿಲ್ಮಿನ ಬಣ್ಣವೇ ಮಾಸಿರುತ್ತದೆ.

ಉತ್ತರ: ನಾನು ಮೂರಡಿ ದೂರದಿಂದ ನೋಡುವವನು. ಅಡಿಯ ಬ್ರೇಕ್ ಪೈಪು ಇದ್ದರೇನು, ಬಿಟ್ಟರೇನು? ಕೂದಲೆಳೆಯಂಥ ಹಿಡಿಕೆಗಳು ಜಾಸ್ತಿ ಇದ್ದಷ್ಟೂ ಹಿಡಿದಾಗೆಲ್ಲ ಒಂದೊಂದು ಉದುರುತ್ತದೆ. ಓಡಿಸುವ ರೈಲಿಗೆ ಅಗ್ಗದ ಗಟ್ಟಿ ಡಬ್ಬಿ, ಮುಂದಿನ ಸಾಲಿಗೆ ನಾಲ್ಕು ಒಳ್ಳೆಯವು. ಅಷ್ಟೇ.

ಉತ್ತರ: ಬೆಂಗಳೂರಿನಿಂದ. ನಮಗೆ ವಾಪಸ್ ಕಳಿಸುವ ಭಾಗ್ಯ ಇಲ್ಲ, ಅಮೆರಿಕದಲ್ಲಿರುವ ಅಣ್ಣನ ಸೂಟ್‌ಕೇಸಿನಲ್ಲಿ ಬರುವುದು. ಹಾಗಾಗಿ ಅಲ್ಲೇ ಬಾಕ್ಸ್ ತೆರೆಸಿ, ನಾಲ್ಕು ಪಕ್ಕ, ಚಾವಣಿ, ತಳ ಎಲ್ಲದರ ಫೋಟೊ ತರಿಸಿಕೊಳ್ಳುತ್ತೇನೆ. ಏನಾದರೂ ಮುರಿದಿದ್ದರೆ ಅವನೇ ಕಂಪನಿಗೆ ಫೋಟೊ ಸಮೇತ ಮೇಲ್ ಹಾಕುತ್ತಾನೆ. ಒಂದು ಕಂಪನಿಯವರು ಬಿಡಿಭಾಗ ಸುಮ್ನೆ ಅಂಚೆಯಲ್ಲಿ ಕಳಿಸಿದರು, ಇನ್ನೊಂದು ಕಡೆಯಿಂದ ಉತ್ತರವೇ ಇಲ್ಲ. ನೀವು ಅಲ್ಲೇ ಇದ್ದೀರಲ್ಲ, ಮೆಟ್ಟಿಲಿಗೆ ಗೋಂದು ಹಚ್ಚುವ ಮುಂಚೆ ಒಂದು ಮೇಲ್ ಬರೆಯಿರಿ. ಅಂಟಿಸಿದ ಮೇಲೆ ಬದಲಿ ಕೊಡುವುದು ಕಷ್ಟ.